ಇನ್ನೂ ಹುಟ್ಟದವರ ಪಾಲು



ದತ್ತಿ ಎಂಬ ಏರ್ಪಾಡಿಗೆ ಕಟ್ಟುನಿಟ್ಟಾದ ಒಂದು ನಿಯಮವಿದೆ. ಇಟ್ಟ ಹಣದ ಅಸಲನ್ನು ಯಾರೂ ಮುಟ್ಟುವಂತಿಲ್ಲ. ವರ್ಷವರ್ಷ ಬರುವ ಬಡ್ಡಿಯಲ್ಲೇ ಕಾರ್ಯಕ್ರಮ ನಡೆಯಬೇಕು. ದತ್ತಿ ಕೊಟ್ಟವರು ಇಲ್ಲವಾದ ಮೇಲೂ, ಅದನ್ನು ನೋಡಿಕೊಳ್ಳುವ ಪದಾಧಿಕಾರಿಗಳು ಬದಲಾದ ಮೇಲೂ, ಇವತ್ತು ಹುಟ್ಟಿಯೇ ಇರದ ಕೇಳುಗರಿಗೂ ಒಂದು ಉಪನ್ಯಾಸ ದಕ್ಕಲಿ ಎಂಬುದು ಅದರ ಆಶಯ. ಮನುಕುಲ ದೀರ್ಘಕಾಲ ಬಾಳಬೇಕಾದರೆ ಎಂಥ ನೈತಿಕ ಸಮಾಜ ವ್ಯವಸ್ಥೆ ಬೇಕು ಎಂಬ ವಿಷಯವನ್ನು ಈ ದತ್ತಿ ಉಪನ್ಯಾಸಕ್ಕೆ ನೀವು ನನಗೆ ಕೊಟ್ಟಿದ್ದೀರಿ. ಇಷ್ಟು ದೊಡ್ಡ ವಿಷಯಕ್ಕೆ ನನ್ನಲ್ಲಿರುವ ಉತ್ತರ ಈ ನಿಯಮದಷ್ಟೇ ಚಿಕ್ಕದು: ಬದುಕಿರುವವರು ಬಡ್ಡಿಯಲ್ಲಿ ಬಾಳಬೇಕು, ಅಸಲು ಹುಟ್ಟಲಿರುವವರದು.

ಇದನ್ನು ಉಪದೇಶವಾಗಿ ಹೇಳಿ ಕೂತರೆ ಏನೂ ಆಗುವುದಿಲ್ಲ. ಕಾನೂನಿನಲ್ಲಿ, ಹುದ್ದೆಯಲ್ಲಿ, ಲೆಕ್ಕದ ಪುಸ್ತಕದಲ್ಲಿ, ಗ್ರಾಮಸಭೆಯ ಠರಾವಿನಲ್ಲಿ ಇದನ್ನು ಕಟ್ಟಬೇಕು. ಹಾಗೆ ಕಟ್ಟಿದ ಕಡೆ ಏನಾಯಿತು, ಕಟ್ಟದ ಕಡೆ ಏನಾಯಿತು, ಕಟ್ಟಿದ್ದನ್ನು ಕೆಡವಿದ ಕಡೆ ಏನಾಯಿತು ಎಂಬುದನ್ನು ನಿಮ್ಮ ಮುಂದಿಡುವುದೇ ಇವತ್ತಿನ ನನ್ನ ಕೆಲಸ.

ನಮಗೆ ನೀತಿಬೋಧೆಯ ಕೊರತೆ ಯಾವತ್ತೂ ಇರಲಿಲ್ಲ. ಆದರೆ ನಮಗೆ ಬಂದಿರುವ ನೀತಿಯೆಲ್ಲ ಕಣ್ಣಿಗೆ ಕಾಣುವವರ ಬಗ್ಗೆ ಹುಟ್ಟಿದ್ದು. ನೆರೆಯವನಿಗೆ ಮೋಸ ಮಾಡಬೇಡ, ಹಸಿದವನಿಗೆ ಅನ್ನ ಕೊಡು, ತಂದೆತಾಯಿಯನ್ನು ನೋಡಿಕೋ. ಒಬ್ಬ ಮನುಷ್ಯ ತನ್ನ ಜೀವಮಾನದಲ್ಲಿ ಮಾಡಬಹುದಾದ ಕೇಡು ಅವನ ಊರಿನ ಆಚೆಗೆ, ಅವನ ಮೊಮ್ಮಕ್ಕಳ ಆಚೆಗೆ ಹೋಗುತ್ತಿರಲಿಲ್ಲ. ಜರ್ಮನ್ ತತ್ವಜ್ಞಾನಿ ಹಾನ್ಸ್ ಯೋನಾಸ್ 1979ರಲ್ಲಿ ಪ್ರಕಟಿಸಿದ ಹೊಣೆಗಾರಿಕೆಯ ತತ್ವವನ್ನು ಕುರಿತ ಗ್ರಂಥದಲ್ಲಿ ಎತ್ತಿದ ಮಾತು ಇದೇ: ತಂತ್ರಜ್ಞಾನದಿಂದ ನಮ್ಮ ಕೈ ಉದ್ದವಾಗಿದೆ, ನೀತಿ ಮಾತ್ರ ಹಳೆಯ ಅಳತೆಯಲ್ಲೇ ನಿಂತಿದೆ. ಫಿನ್ಲೆಂಡಿನ ಓಲ್ಕಿಲುಓಟೊ ದ್ವೀಪದಲ್ಲಿ ಬಂಡೆಯನ್ನು ನಾಲ್ಕು ನೂರು ಮೀಟರಿಗೂ ಆಳಕ್ಕೆ ಕೊರೆದು ಅಣುಸ್ಥಾವರದ ಬಳಸಿದ ಇಂಧನಕ್ಕೆ ಗೋರಿ ಕಟ್ಟಿದ್ದಾರೆ. ಅದು ಒಂದು ಲಕ್ಷ ವರ್ಷ ಭದ್ರವಾಗಿರಬೇಕು ಎಂಬ ಲೆಕ್ಕದಲ್ಲಿ ಕಟ್ಟಿದ ಗೋರಿ. ನಾಲ್ಕೈದು ದಶಕ ಉರಿದ ವಿದ್ಯುದ್ದೀಪಗಳಿಗಾಗಿ ಲಕ್ಷ ವರ್ಷದ ಕಾವಲು! ಅಲ್ಲಿನವರು ಆ ಹೊಣೆಯನ್ನು ಒಪ್ಪಿಕೊಂಡು ಕೆಲಸಕ್ಕೆ ಇಳಿದರಲ್ಲ, ಅದಕ್ಕಾಗಿ ಅವರನ್ನು ಮೆಚ್ಚುತ್ತೇನೆ. ಹೊಗೆಯಾಗಿ ಗಾಳಿಗೆ ಬಿಟ್ಟ ಇಂಗಾಲದ ಬಹುಪಾಲಿಗೆ ಅಂಥ ಗೋರಿಯೂ ಇಲ್ಲ. ಕೈಗಾರಿಕಾ ಯುಗಕ್ಕೆ ಮುಂಚೆ ವಾತಾವರಣದ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗ ಇದ್ದ ಇಂಗಾಲದ ಡೈಆಕ್ಸೈಡ್ ಈಗ 420ನ್ನು ದಾಟಿದೆ.

ಬರೀ ನೀತಿಯ ಮಾತು ಎಷ್ಟು ದೂರ ಕಾಪಾಡುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದಕ್ಕೆ ನಮ್ಮ ಕೆರೆಗಳೇ ಸಾಕ್ಷಿ. ಹಳೆಯ ಕೆರೆ ಶಾಸನಗಳನ್ನು ಓದಿದವರಿಗೆ ಅವುಗಳ ಕೊನೆಯ ಶಾಪದ ಸಾಲುಗಳು ಪರಿಚಿತ. ಈ ಧರ್ಮವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಗೋಹತ್ಯೆ ಮಾಡಿದ ಪಾಪ ಬರುತ್ತದೆ ಎಂಬಂಥ ಎಚ್ಚರಿಕೆಗಳು ಅವು. ಆದರೆ ಶಾಪದ ಮೇಲಿನ ಸಾಲುಗಳನ್ನು ಗಮನವಿಟ್ಟು ಓದಬೇಕು. ಕೆರೆಯನ್ನು ಕಟ್ಟಿಸಿದವನಿಗೆ, ನೋಡಿಕೊಳ್ಳುವವನಿಗೆ ಬಿಟ್ಟ ಭೂಮಿ ಕಟ್ಟುಕೊಡಗೆ; ಕೆರೆಯ ಜೀರ್ಣೋದ್ಧಾರಕ್ಕೆಂದು ಗದ್ದೆಯ ಹುಟ್ಟುವಳಿಯಿಂದ ತೆಗೆದಿಡುವ ಪಾಲು ಬಿತ್ತುವಟ್ಟ. ಹೂಳು ಎತ್ತುವ ಬಂಡಿಗೆ, ಎತ್ತಿಗೆ, ಆಳಿಗೆ ಎಲ್ಲಿಂದ ಖರ್ಚು ಬರಬೇಕು ಎಂಬುದನ್ನು ಎಷ್ಟೋ ಶಾಸನಗಳು ಹೇಳುತ್ತವೆ. ಕೆರೆಗಳನ್ನು ಕಾಪಾಡಿದ್ದು ಶಾಪವಲ್ಲ, ಬಿತ್ತುವಟ್ಟ. ಆ ಪಾಲು ಸರ್ಕಾರದ ಕಂದಾಯದಲ್ಲಿ ಕರಗಿ, ಕೆರೆ ಇಲಾಖೆಯ ಆಸ್ತಿಯಾಗಿ, ಊರವರಿಗೆ ಅದರ ಮೇಲಿನ ಹಕ್ಕೂ ಹೊಣೆಯೂ ಎರಡೂ ತಪ್ಪಿದ ಮೇಲೆ ಶಾಪಗಳು ಕಲ್ಲಿನ ಮೇಲೆ ಹಾಗೇ ಉಳಿದವು, ಕೆರೆಗಳಲ್ಲಿ ಹೂಳು ತುಂಬಿತು. ಕರ್ನಾಟಕದಲ್ಲಿ ಮೂವತ್ತಾರು ಸಾವಿರಕ್ಕೂ ಹೆಚ್ಚು ಕೆರೆಗಳಿವೆ ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಆ ಕೆರೆಗಳ ನಾಡಾದ ಕೋಲಾರದಲ್ಲೇ ಕೊಳವೆಬಾವಿಗಳು ಸಾವಿರ ಅಡಿ ದಾಟಿ ಹೋಗಿವೆ. ಕೆರೆಯ ನೀರು ಮಳೆ ತಂದುಕೊಡುವ ಬಡ್ಡಿ; ಸಾವಿರ ಅಡಿ ಕೆಳಗಿನ ನೀರು ಅಸಲು.

ಹುಟ್ಟಲಿರುವವರ ಪಾಲನ್ನು ನಾವು ತಿನ್ನುವುದು ದುರಾಸೆಯಿಂದ ಮಾತ್ರ ಎಂದುಕೊಳ್ಳಬೇಡಿ. ಸಂಭಾವಿತರು ಕೂತು ಮಾಡುವ ಒಂದು ಲೆಕ್ಕದಿಂದಲೂ ತಿನ್ನುತ್ತೇವೆ. ಅಣೆಕಟ್ಟು, ಹೆದ್ದಾರಿ, ಹವಾಮಾನ ನೀತಿ ಯಾವುದೇ ಇರಲಿ, ಮುಂದೆ ಆಗುವ ಲಾಭನಷ್ಟವನ್ನು ಇವತ್ತಿನ ಬೆಲೆಗೆ ಇಳಿಸಿ ನೋಡುವುದು ಅರ್ಥಶಾಸ್ತ್ರದ ಪದ್ಧತಿ. ಇಳಿಸಲು ಬಳಸುವ ದರವನ್ನು ಡಿಸ್ಕೌಂಟ್ ರೇಟ್ ಎನ್ನುತ್ತಾರೆ. ವರ್ಷಕ್ಕೆ ಶೇ. 5ರ ದರ ಹಿಡಿದರೆ ನೂರು ವರ್ಷದ ಆಚೆಗಿನ ನೂರು ರೂಪಾಯಿ ನಷ್ಟಕ್ಕೆ ಇವತ್ತಿನ ಬೆಲೆ ಸುಮಾರು 76 ಪೈಸೆ. ಶೇ. 1.4 ಹಿಡಿದರೆ ಅದೇ ನಷ್ಟಕ್ಕೆ 25 ರೂಪಾಯಿ. ಈ 1.4ನ್ನು ಸುಮ್ಮನೆ ಆರಿಸಿಲ್ಲ. ಬ್ರಿಟಿಷ್ ಸರ್ಕಾರಕ್ಕಾಗಿ ನಿಕೊಲಸ್ ಸ್ಟರ್ನ್ 2006ರಲ್ಲಿ ಕೊಟ್ಟ ಹವಾಮಾನ ವರದಿ ಬಳಸಿದ ದರ ಅದು. ಅಮೆರಿಕದ ಅರ್ಥಶಾಸ್ತ್ರಜ್ಞ ವಿಲಿಯಂ ನಾರ್ಡ್‌ಹೌಸ್, ಮುಂದೆ 2018ರಲ್ಲಿ ನೊಬೆಲ್ ಪಡೆದವರು, ಅದಕ್ಕಿಂತ ಬಹಳ ಹೆಚ್ಚಿನ ದರ ಬಳಸುತ್ತಿದ್ದರು. ಹಾಗಾಗಿ ಸ್ಟರ್ನ್ ಈಗಲೇ ದೊಡ್ಡ ಹೆಜ್ಜೆ ಇಡಿ ಎಂದರು, ನಾರ್ಡ್‌ಹೌಸ್ ಕ್ರಮಗಳನ್ನು ನಿಧಾನವಾಗಿ ಬಿಗಿಗೊಳಿಸುತ್ತ ಹೋಗಿ ಎಂದರು. ಇಬ್ಬರೂ ನೋಡಿದ್ದು ಹೆಚ್ಚುಕಡಿಮೆ ಅದೇ ವಿಜ್ಞಾನವನ್ನು. ನಡುವಿನ ವ್ಯತ್ಯಾಸದ ಬಹುಪಾಲು ಆ ಒಂದು ಅಂಕಿಯಲ್ಲಿತ್ತು.

ಮುಂದಿನ ಪೀಳಿಗೆ ನಮಗಿಂತ ಶ್ರೀಮಂತವಾಗಿರುತ್ತದೆ, ಆದ್ದರಿಂದ ಅವರ ರೂಪಾಯಿಗೆ ನಮ್ಮ ರೂಪಾಯಿಯಷ್ಟು ತೂಕ ಬೇಡ ಎಂಬ ವಾದವನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ. ಆದರೆ ತಡವಾಗಿ ಹುಟ್ಟಿದ್ದೇ ಕಾರಣವಾಗಿ ಒಬ್ಬ ಮನುಷ್ಯನ ನೋವಿಗೆ ಬೆಲೆ ಕಡಿಮೆ ಎನ್ನುವುದನ್ನು ಒಪ್ಪಲಾರೆ. ಕೇಂಬ್ರಿಜ್‌ನ ಫ್ರಾಂಕ್ ರಾಮ್ಸೆ 1928ರಲ್ಲೇ, ತನ್ನ ಇಪ್ಪತ್ತೈದನೆಯ ವಯಸ್ಸಿನಲ್ಲಿ, ನೀತಿಯ ದೃಷ್ಟಿಯಿಂದ ಇದನ್ನು ಸಮರ್ಥಿಸಲಾಗದು ಎಂದು ಬರೆದ. ಇನ್ನೆರಡು ವರ್ಷದಲ್ಲಿ ಆತ ತೀರಿಕೊಂಡ. ಅವನ ಗಣಿತವನ್ನು ಅರ್ಥಶಾಸ್ತ್ರದ ತರಗತಿಗಳಲ್ಲಿ ಇಂದಿಗೂ ಕಲಿಸುತ್ತಾರೆ. ಅವನ ಆಕ್ಷೇಪಣೆಗೆ ಅಷ್ಟು ಹೊತ್ತು ಕೊಡುವುದಿಲ್ಲ. ನನ್ನ ದೃಷ್ಟಿಯಲ್ಲಿ ಈ ದರವನ್ನು ತಜ್ಞರ ಕೋಣೆಯಿಂದ ಶಾಸನಸಭೆಗೆ ತರಬೇಕು. ಎಷ್ಟು ಶೇಕಡಾ ಎಂಬುದು ಯಾರನ್ನು ಮನುಷ್ಯರೆಂದು ಎಣಿಸುತ್ತೇವೆ ಎಂಬ ಪ್ರಶ್ನೆ.

ಅಸಲನ್ನು ಉಳಿಸಲು ಹೊರಟ ಎರಡು ದೇಶಗಳ ಕಥೆ ಈಗ. ಎರಡಕ್ಕೂ ನೆಲದಡಿಯಿಂದ ಸಿರಿ ಬಂತು, ಎರಡೂ ನಿಧಿ ಕಟ್ಟಿದವು.

ಶಾಂತಸಾಗರದ ನಡುವಿನ ನೌರು ಕೇವಲ 21 ಚದರ ಕಿಲೋಮೀಟರಿನ ದ್ವೀಪ, ಜನಸಂಖ್ಯೆ ನಮ್ಮ ಒಂದು ದೊಡ್ಡ ಹೋಬಳಿಗಿಂತ ಕಡಿಮೆ. ಅಲ್ಲಿ ಉತ್ಕೃಷ್ಟ ಫಾಸ್ಫೇಟ್ ಇತ್ತು. ಮೊದಲು ಜರ್ಮನ್ನರ ಕಾಲದಲ್ಲಿ, ಆಮೇಲೆ ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೇರಿ ಅದನ್ನು ಅಗೆದು ತಮ್ಮ ಹೊಲಗಳಿಗೆ ಗೊಬ್ಬರವಾಗಿ ಸಾಗಿಸಿದವು. 1968ರಲ್ಲಿ ಸ್ವಾತಂತ್ರ್ಯ ಬಂದು, ಗಣಿ ಕೈಗೆ ಬಂದಾಗ ನೌರುವಿನವರು ವಿವೇಕದ ಕೆಲಸವನ್ನೇ ಮಾಡಿದರು; ಫಾಸ್ಫೇಟ್ ಮುಗಿದ ಕಾಲಕ್ಕೆಂದು ನಿಧಿಯೊಂದರಲ್ಲಿ ಹಣ ತೊಡಗಿಸಿದರು. 1970ರ ದಶಕದಲ್ಲಿ ತಲಾ ಆದಾಯದಲ್ಲಿ ಅವರು ಜಗತ್ತಿನ ಅತಿ ಶ್ರೀಮಂತರ ಸಾಲಿನಲ್ಲಿದ್ದರು. ಮೆಲ್ಬರ್ನ್ ನಗರದಲ್ಲಿ 52 ಅಂತಸ್ತಿನ ನೌರು ಹೌಸ್ ಎದ್ದಿತು. ನಿಧಿ ನೂರು ಕೋಟಿ ಆಸ್ಟ್ರೇಲಿಯನ್ ಡಾಲರನ್ನು ದಾಟಿತು. ಆದರೆ ಆ ನಿಧಿಗೆ ಬೀಗ ಇರಲಿಲ್ಲ. ಸರ್ಕಾರಗಳು ಅದನ್ನು ಅಡವಿಟ್ಟು ಸಾಲ ತಂದವು, ವಿಮಾನಯಾನಕ್ಕೆ ಸುರಿದವು. 1993ರಲ್ಲಿ ಲಂಡನ್ನಿನಲ್ಲಿ ಲಿಯೊನಾರ್ಡೊ ಡ ವಿಂಚಿಯ ಕುರಿತ ಸಂಗೀತ ನಾಟಕಕ್ಕೂ ಅದರ ದುಡ್ಡು ಹೋಗಿ ನಾಟಕ ಬಿದ್ದುಹೋಯಿತು. 2004ರಲ್ಲಿ ಸಾಲ ತೀರಿಸಲು ನೌರು ಹೌಸ್ ಮಾರಾಟವಾಯಿತು. ದ್ವೀಪದ ಸುಮಾರು ಐದರಲ್ಲಿ ನಾಲ್ಕು ಭಾಗ ಇವತ್ತು ಸುಣ್ಣಕಲ್ಲಿನ ಚೂಪು ಕಂಬಗಳ ಬಂಜರು. ಗಣಿಗಾರಿಕೆಯಿಂದಾದ ಹಾನಿಗೆ ಆಸ್ಟ್ರೇಲಿಯಾದ ಮೇಲೆ ನೌರು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಿ 1993ರಲ್ಲಿ ರಾಜಿಯಲ್ಲಿ ಪರಿಹಾರ ಪಡೆಯಿತು ಎಂಬುದನ್ನೂ ಹೇಳಬೇಕು. ದೋಷವೆಲ್ಲ ಆ ಚಿಕ್ಕ ಜನಾಂಗದ್ದೇ ಎನ್ನುವುದು ಅನ್ಯಾಯ.

ಇನ್ನೊಂದು ನಾರ್ವೆ. 1969ರ ಕೊನೆಯಲ್ಲಿ ಉತ್ತರ ಸಮುದ್ರದ ಎಕೊಫಿಸ್ಕ್‌ನಲ್ಲಿ ತೈಲ ಸಿಕ್ಕಿತು. ಅಲ್ಲಿನ ತೈಲ ಆಡಳಿತವನ್ನು ರೂಪಿಸಿದವರಲ್ಲಿ ಮುಖ್ಯನಾದವನು ಇರಾಕಿನ ಬಸ್ರಾದಿಂದ ಬಂದ ಭೂವಿಜ್ಞಾನಿ ಫಾರೂಕ್ ಅಲ್ ಕಾಸಿಂ. ಆತ ನಾರ್ವೆಗೆ ಬಂದದ್ದು ಮಗನ ಚಿಕಿತ್ಸೆಗಾಗಿ. ತೈಲ ಒಂದು ದೇಶವನ್ನು ಹೇಗೆ ಕೆಡಿಸಬಲ್ಲದು ಎಂಬುದನ್ನು ಕಣ್ಣಾರೆ ಕಂಡಿದ್ದ ಮನುಷ್ಯ. 1990ರಲ್ಲಿ ನಿಧಿಯ ಕಾನೂನು ಬಂತು, 1996ರಲ್ಲಿ ಮೊದಲ ಕಂತು ಬಿತ್ತು. 2001ರಲ್ಲಿ ಅವರು ನಿಯಮವೊಂದನ್ನು ಒಪ್ಪಿಕೊಂಡರು: ನಿಧಿಯಿಂದ ಸರ್ಕಾರ ವರ್ಷಕ್ಕೆ ತೆಗೆಯಬಹುದಾದದ್ದು ಅದರ ನಿರೀಕ್ಷಿತ ಗಳಿಕೆಯಷ್ಟು, ಅಂದರೆ ಸರಾಸರಿ ಶೇ. 4. 2017ರಲ್ಲಿ ಅದನ್ನು ಶೇ. 3ಕ್ಕೆ ಇಳಿಸಿಕೊಂಡರು. ಮತ ಕೇಳಲು ಹೋಗಬೇಕಾದ ರಾಜಕಾರಣಿಗಳು ತಮ್ಮ ಕೈಯನ್ನು ತಾವೇ ಇನ್ನಷ್ಟು ಬಿಗಿಯಾಗಿ ಕಟ್ಟಿಕೊಂಡ ಈ ನಿರ್ಧಾರವನ್ನು ನಾನು ನಮ್ಮ ಕಾಲದ ದೊಡ್ಡ ನೈತಿಕ ಕಾರ್ಯಗಳಲ್ಲಿ ಒಂದೆಂದು ಎಣಿಸುತ್ತೇನೆ. ಐವತ್ತೈದು ಲಕ್ಷ ಜನರ ಆ ದೇಶದ ನಿಧಿ ಇಂದು ಒಂದೂವರೆ ಲಕ್ಷ ಕೋಟಿ ಡಾಲರನ್ನು ಮೀರಿದೆ. ಆದರೆ ಅವರು ಮಾರಿದ ತೈಲ ಉರಿದದ್ದು ಎಲ್ಲರ ಗಾಳಿಯಲ್ಲಿ. ನಾರ್ವೆಯಲ್ಲಿ ಹುಟ್ಟಲಿರುವವರ ಪಾಲು ಭದ್ರವಾಯಿತು, ಬಾಂಗ್ಲಾದೇಶದ ಕರಾವಳಿಯಲ್ಲಿ ಹುಟ್ಟಲಿರುವವರ ಪಾಲು ಯಾವ ಖಾತೆಯಲ್ಲೂ ಬರೆದಿಲ್ಲ. ಹುಟ್ಟದವರಿಗೆ ರಾಷ್ಟ್ರೀಯತೆ ಇಲ್ಲ ಎಂಬ ಮಾತನ್ನು ಯಾವ ನಿಧಿಯೂ ಇನ್ನೂ ಕಲಿತಿಲ್ಲ.

ನಮ್ಮ ಮನೆಯ ಕಥೆಗೆ ಬರೋಣ. ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2011ರ ಜುಲೈ 27ರಂದು ವರದಿ ಕೊಟ್ಟರು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಹೂಡಿದ್ದ ದಾವೆಯಲ್ಲಿ ಅದೇ ಜುಲೈ 29ರಂದು ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಮತ್ತೆ ಶುರು ಮಾಡಲು ಬಿಟ್ಟಾಗ ಮೊದಲ ಸಲ ಒಂದು ಮಿತಿ ಹಾಕಿತು. ಬಳ್ಳಾರಿ, ಚಿತ್ರದುರ್ಗ, ತುಮಕೂರು ಸೇರಿ ವರ್ಷಕ್ಕೆ 3 ಕೋಟಿ ಟನ್ ಅದಿರಿಗಿಂತ ಹೆಚ್ಚು ತೆಗೆಯಕೂಡದು. ಮುಂದಿನ ಪೀಳಿಗೆಗೂ ಅದಿರು ಉಳಿಯಬೇಕು ಎಂಬ ವಿಚಾರ ಆ ಮಿತಿಯ ಹಿಂದೆ ಸ್ಪಷ್ಟವಾಗಿತ್ತು. 2022ರ ಹೊತ್ತಿಗೆ ಮಿತಿ 5 ಕೋಟಿ ಟನ್‌ಗೆ ಏರಿತು. ಪಕ್ಕದ ಗೋವಾದಲ್ಲಿ 2014ರ ಏಪ್ರಿಲ್ ತೀರ್ಪಿನಲ್ಲಿ ಅದೇ ಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಅದಿರಿನ ಮಾರಾಟದ ಹಣದಲ್ಲಿ ಶೇ. 10ನ್ನು ಶಾಶ್ವತ ನಿಧಿಯಲ್ಲಿ ಇಡಬೇಕೆಂದಿತು. ನಮ್ಮಲ್ಲಿ ಗಣಿ ಬಾಧಿತ ಪ್ರದೇಶದ ಪುನಶ್ಚೇತನಕ್ಕೆ ದೊಡ್ಡ ಮೊತ್ತ ಕೂಡಿದೆ, 2015ರ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನಗಳೂ ಬಂದಿವೆ. ಅವು ಬೇಕು, ಗಣಿ ಊರಾದ ಸಂಡೂರಿನ ದೂಳು ಕುಡಿದವರಿಗೆ ಆಸ್ಪತ್ರೆ, ನೀರು, ಶಾಲೆ ಈಗಲೇ ಸಿಗಬೇಕು. ಆದರೆ ಅವೆಲ್ಲ ಖರ್ಚಿಗೆ ಇಟ್ಟ ಹಣ. ಅದಿರು ಒಮ್ಮೆ ಹೋದರೆ ಮರಳದ ಸೊತ್ತು. ಅದರ ಬದಲಿಗೆ ಕರಗದಂತೆ ಉಳಿಯುವ ಏನನ್ನು ಇಟ್ಟಿದ್ದೇವೆ ಎಂದು ಕೇಳಿದರೆ ಕರ್ನಾಟಕದ ಬಳಿ ಉತ್ತರವಿಲ್ಲ.

ನಿಧಿಗೆ ಬೀಗ ಬೇಕು, ಬೀಗಕ್ಕೆ ಕಾವಲುಗಾರ ಬೇಕು. ಹುಟ್ಟದವರಿಗೆ ಮತವಿಲ್ಲ, ಮುಷ್ಕರ ಹೂಡಲಾರರು, ಧರಣಿ ಕೂರಲಾರರು. ಅವರ ಪರವಾಗಿ ಮಾತಾಡುವ ಹುದ್ದೆಯೊಂದನ್ನು ಸೃಷ್ಟಿಸಲು ಕೆಲವು ದೇಶಗಳು ಪ್ರಯತ್ನಿಸಿವೆ. ಇಸ್ರೇಲಿನ ಸಂಸತ್ತು 2001ರಲ್ಲಿ ಮುಂದಿನ ಪೀಳಿಗೆಗಳ ಆಯುಕ್ತರನ್ನು ನೇಮಿಸಿತು. ಮಸೂದೆಯ ಪರಿಣಾಮದ ಬಗ್ಗೆ ಅಭಿಪ್ರಾಯ ಕೊಡಲು ಅವರು ಕಾಲಾವಕಾಶ ಕೇಳಬಹುದಿತ್ತು, ಅಂದರೆ ಮಸೂದೆಯನ್ನು ತಡೆದು ನಿಲ್ಲಿಸಬಹುದಿತ್ತು. ಐದು ವರ್ಷದ ಅವಧಿ ಮುಗಿದ ಮೇಲೆ ಆ ಕುರ್ಚಿಗೆ ಇನ್ನೊಬ್ಬರನ್ನು ಕೂರಿಸಲಿಲ್ಲ. ಹಂಗೆರಿ 2008ರಲ್ಲಿ ಅಂಥದ್ದೇ ಹುದ್ದೆಗೆ ಶಾಂಡೋರ್ ಫ್ಯುಲೋಪ್ ಅವರನ್ನು ಆರಿಸಿತು. 2012ರಲ್ಲಿ ಹುದ್ದೆಯನ್ನು ಸಾಮಾನ್ಯ ಓಂಬುಡ್ಸ್‌ಮನ್‌ನ ಕೈಕೆಳಗಿನ ಸ್ಥಾನಕ್ಕೆ ಇಳಿಸಿತು. ಕೆಲಸ ಮಾಡಿದ್ದಕ್ಕೇ ಸಿಕ್ಕ ಶಿಕ್ಷೆ ಇದು ಎಂದು ನನ್ನ ತಿಳಿವಳಿಕೆ. ಯಾರಿಗೂ ಅಡ್ಡಿಯಾಗದ ಹುದ್ದೆಯನ್ನು ರದ್ದು ಮಾಡುವ ತೊಂದರೆ ಯಾರೂ ತೆಗೆದುಕೊಳ್ಳುವುದಿಲ್ಲ.

ಈಗ ಉಳಿದು ಬಾಳುತ್ತಿರುವುದು ವೇಲ್ಸ್‌ನ ಪ್ರಯೋಗ. 2015ರ ಕಾಯಿದೆಯಂತೆ ಅಲ್ಲಿನ ಸಾರ್ವಜನಿಕ ಸಂಸ್ಥೆಗಳು ಪ್ರತಿಯೊಂದು ನಿರ್ಧಾರದಲ್ಲೂ ಮುಂದಿನ ಪೀಳಿಗೆಗಳ ಹಿತವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಅದರಡಿ ಬಂದ ಮುಂದಿನ ಪೀಳಿಗೆಗಳ ಮೊದಲ ಆಯುಕ್ತೆ ಸೋಫಿ ಹೌ. ನ್ಯೂಪೋರ್ಟ್ ನಗರದ ದಕ್ಷಿಣಕ್ಕೆ, ಗ್ವೆಂಟ್ ಲೆವೆಲ್ಸ್ ಎಂಬ ಅಪರೂಪದ ಜೌಗುಭೂಮಿಯನ್ನು ಸೀಳಿ ಹೋಗುವ ಹೊಸ ಮೋಟಾರು ರಸ್ತೆಗೆ ನೂರು ಕೋಟಿ ಪೌಂಡಿಗೂ ಹೆಚ್ಚಿನ ಅಂದಾಜು ಸಿದ್ಧವಾಗಿತ್ತು. ವಾಹನ ದಟ್ಟಣೆ ನಿಜವಾದ ಸಮಸ್ಯೆ; ವಿಚಾರಣೆ ನಡೆಸಿದ ಅಧಿಕಾರಿ ರಸ್ತೆಯ ಪರವಾಗಿಯೇ ವರದಿ ಕೊಟ್ಟಿದ್ದರು. ಆಯುಕ್ತೆ ವಿರೋಧಿಸಿದರು. 2019ರ ಜೂನ್‌ನಲ್ಲಿ ಅಲ್ಲಿನ ಸರ್ಕಾರದ ಮುಖ್ಯಸ್ಥರಾಗಿದ್ದ ಮಾರ್ಕ್ ಡ್ರೇಕ್‌ಫರ್ಡ್ ಖರ್ಚನ್ನೂ ಪರಿಸರದ ಹಾನಿಯನ್ನೂ ಕಾರಣವಾಗಿ ಕೊಟ್ಟು ಯೋಜನೆಯನ್ನು ಕೈಬಿಟ್ಟರು. ಆಯುಕ್ತರಿಗೆ ತಡೆಯಾಜ್ಞೆ ಕೊಡುವ ಅಧಿಕಾರವಿಲ್ಲ. ಕೇಳುವ, ಪರಿಶೀಲಿಸುವ, ಶಿಫಾರಸು ಮಾಡುವ ಅಧಿಕಾರ ಇದೆ. ಶಿಫಾರಸನ್ನು ಪಾಲಿಸದಿದ್ದರೆ ಯಾಕೆಂದು ಬರೆದು ಹೇಳಬೇಕು. ಬರೆದು ಹೇಳಬೇಕಾದ ಸ್ಥಿತಿ ಬಂದಾಗ ಎಷ್ಟೋ ಕೆಟ್ಟ ನಿರ್ಧಾರಗಳು ಕಡತದಲ್ಲೇ ನಿಲ್ಲುತ್ತವೆ ಎಂಬುದನ್ನು ಸರ್ಕಾರಿ ಕಚೇರಿ ಬಲ್ಲವರಿಗೆ ನಾನು ವಿವರಿಸಬೇಕಿಲ್ಲ.

ನ್ಯಾಯಾಲಯಗಳೂ ಈ ದಾರಿಯಲ್ಲಿ ಬಂದಿವೆ. ಕಾಡು ಕಡಿಯುವ ಪರವಾನಗಿಗಳ ವಿರುದ್ಧ ಮಕ್ಕಳು ತಮ್ಮ ಪರವಾಗಿಯೂ ಹುಟ್ಟಲಿರುವವರ ಪರವಾಗಿಯೂ ದಾವೆ ಹೂಡಬಹುದೆಂದು ಫಿಲಿಪ್ಪೀನ್ಸ್‌ನ ಸುಪ್ರೀಂ ಕೋರ್ಟ್ 1993ರಲ್ಲೇ ಒಪ್ಪಿತು. 2030ರ ಆಚೆಗೆ ಹೊರೆಯನ್ನು ತಳ್ಳುವ ಹವಾಮಾನ ಕಾನೂನು ಎಳೆಯರ ಸ್ವಾತಂತ್ರ್ಯವನ್ನು ಈಗಲೇ ಕಿತ್ತುಕೊಳ್ಳುತ್ತದೆ ಎಂದು ಜರ್ಮನಿಯ ಸಂವಿಧಾನ ನ್ಯಾಯಾಲಯ 2021ರಲ್ಲಿ ಹೇಳಿತು. 2024ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆ ಮುಂದಿನ ಪೀಳಿಗೆಗಳ ಕುರಿತ ಘೋಷಣೆಯನ್ನೂ ಅಂಗೀಕರಿಸಿದೆ. ಘೋಷಣೆಗಳ ಮೇಲೆ ನನಗೆ ದೊಡ್ಡ ಭರವಸೆ ಇಲ್ಲ.

ಇಲ್ಲಿಯವರೆಗೆ ನನ್ನ ಜೊತೆ ಬಂದವರಲ್ಲಿ ಒಬ್ಬರಾದರೂ ಒಂದು ಪ್ರಶ್ನೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು. ಇವತ್ತು ಬದುಕಿರುವವರಿಗೇ ಪಾಲು ಸಿಕ್ಕಿಲ್ಲ, ಹುಟ್ಟದವರ ಮಾತು ಯಾಕೆ? ಈ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋದರೆ ನನ್ನ ಇಡೀ ವಾದ ಪೊಳ್ಳು.

1936ರಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲದ ಸಮ್ಮೇಳನಕ್ಕೆಂದು ಭಾಷಣವೊಂದನ್ನು ಬರೆದರು. ಸಂಘಟಕರು ಹೆದರಿ ಸಮ್ಮೇಳನವನ್ನೇ ಕೈಬಿಟ್ಟರು. ಮಾಡದೇ ಉಳಿದ ಆ ಭಾಷಣವನ್ನು ಅವರು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ಅದೇ 'ಜಾತಿ ವಿನಾಶ'. ಹಿಂದೂ ಸಮಾಜ ಸಾವಿರಾರು ವರ್ಷ ಉಳಿದುಬಂದಿರುವುದೇ ಅದರ ಸತ್ವಕ್ಕೆ ಸಾಕ್ಷಿ ಎಂಬ ರಾಧಾಕೃಷ್ಣನ್ ಅವರ ವಾದವನ್ನು ಅಲ್ಲಿ ಎತ್ತಿಕೊಂಡು ಅಂಬೇಡ್ಕರ್ ಉತ್ತರಿಸುತ್ತಾರೆ. ಒಂದು ಸಮುದಾಯ ಉಳಿಯಿತೋ ಅಳಿಯಿತೋ ಎಂಬುದು ಪ್ರಶ್ನೆಯಲ್ಲ. ಯಾವ ಮಟ್ಟದಲ್ಲಿ ಉಳಿಯಿತು ಎಂಬುದು ಪ್ರಶ್ನೆ. ಸೋತು, ಶರಣಾಗಿ ಉಳಿಯುವುದೂ ಉಳಿಯುವುದೇ, ಅದರಲ್ಲಿ ಹೆಮ್ಮೆಪಡುವಂಥದ್ದೇನಿಲ್ಲ ಎಂಬುದು ಅವರ ಮಾತಿನ ಸಾರ. ಮನುಕುಲದ ಉಳಿವಿನ ಬಗ್ಗೆ ಇಂದು ನಡೆಯುತ್ತಿರುವ ಚರ್ಚೆಗಳಲ್ಲಿ ಈ ಪುಟಗಳನ್ನು ಯಾರೂ ಓದಿದಂತೆ ಕಾಣುವುದಿಲ್ಲ. ಆಕ್ಸ್‌ಫರ್ಡ್‌ನ ತತ್ವಜ್ಞಾನಿ ಟೋಬಿ ಆರ್ಡ್ 2020ರ ತಮ್ಮ ಪುಸ್ತಕದಲ್ಲಿ, ಮುಂದಿನ ನೂರು ವರ್ಷದಲ್ಲಿ ಮನುಕುಲಕ್ಕೆ ಸರ್ವನಾಶದ ಮಟ್ಟದ ಆಪತ್ತು ಬರುವ ಸಂಭವವನ್ನು ಆರರಲ್ಲಿ ಒಂದು ಎಂದು ಅಂದಾಜಿಸಿದ್ದಾರೆ. ಅಣ್ವಸ್ತ್ರ, ಪ್ರಯೋಗಾಲಯದಲ್ಲಿ ರೂಪಿಸಿದ ರೋಗಾಣು, ಹತೋಟಿ ತಪ್ಪಿದ ಯಂತ್ರಬುದ್ಧಿ ಇವೆಲ್ಲ ಆ ಲೆಕ್ಕದಲ್ಲಿವೆ. ಆ ಎಚ್ಚರಿಕೆಗೆ ನಾನು ಬೆಲೆ ಕೊಡುತ್ತೇನೆ. ಆದರೆ ಕೋಟ್ಯನುಕೋಟಿ ಭವಿಷ್ಯದ ಜೀವಗಳ ಹೆಸರಿನಲ್ಲಿ ಇವತ್ತಿನ ಯಾರನ್ನು ಬೇಕಾದರೂ ಬಲಿ ಕೊಡಬಹುದು ಎಂಬ ತರ್ಕ ಆ ದಾರಿಯಲ್ಲಿ ಹೊಂಚು ಹಾಕಿ ಕೂತಿದೆ. ಅದರ ಕತ್ತಿಗೆ ಮೊದಲು ಸಿಗುವವರು ಯಾರೆಂಬುದು ನಮಗೆ ಗೊತ್ತು.

ಕೆರೆಯ ವ್ಯವಸ್ಥೆಯನ್ನು ಹೊಗಳಿದೆ. ಅದರ ನೀರುಗಂಟಿಯ ಮಾತನ್ನೂ ಹೇಳಬೇಕು. ತೂಬು ಎತ್ತುವವನು, ಏರಿಯ ಮೇಲೆ ರಾತ್ರಿ ಕಾವಲು ಕಾಯುವವನು, ಮಳೆ ಕೈಕೊಟ್ಟ ವರ್ಷ ಅಚ್ಚುಕಟ್ಟಿನ ಕೊನೆಯ ಗದ್ದೆಗೂ ನೀರು ಮುಟ್ಟಿಸುವವನು ಅವನು. ಅನೇಕ ಊರುಗಳಲ್ಲಿ ಅವನು ದಲಿತ. ಗದ್ದೆಯ ಹಿಡುವಳಿಯಲ್ಲಿ ಪಾಲು ಇರದವನು, ಆದ್ದರಿಂದ ನ್ಯಾಯವಾಗಿ ಹಂಚುತ್ತಾನೆ ಎಂದು ಊರು ಅವನನ್ನು ನಂಬಿತು. ಸುಗ್ಗಿಯಲ್ಲಿ ಕಾಳು ಅಳೆದು ಕೊಟ್ಟಿತು. ಇಡೀ ಊರಿನ ನೀರು ಅವನ ಕೈಯಲ್ಲಿತ್ತು, ಊರ ಬಾವಿಯಿಂದ ಒಂದು ಕೊಡ ನೀರು ಸೇದುವ ಹಕ್ಕು ಅವನಿಗಿರಲಿಲ್ಲ. ಶತಮಾನಗಳ ಕಾಲ ಬಾಳಿದ ವ್ಯವಸ್ಥೆ ಇದು. ಇಂಥ ಬಾಳಿಕೆ ನಮಗೆ ಬೇಡ. ಮುಂದೆ ಕಟ್ಟುವ ವ್ಯವಸ್ಥೆ ನೂರಾರು ವರ್ಷ ನಿಲ್ಲಬೇಕು ಎಂದಾದರೆ ಮೊದಲ ದಿನದಿಂದಲೇ ನೀರುಗಂಟಿಯ ಮಗಳು ಗ್ರಾಮಸಭೆಯ ಕುರ್ಚಿಯಲ್ಲಿ ಕೂತಿರಬೇಕು.

ಹುಟ್ಟದವರ ಹಿತಕ್ಕೂ ಇರುವವರ ನ್ಯಾಯಕ್ಕೂ ಜಗಳ ಇರಲೇಬೇಕೆಂದೇನೂ ಇಲ್ಲ ಎಂಬುದನ್ನು ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ ನೋಡಬೇಕು. ಕಾಡನ್ನು ಮುಂದಿನವರಿಗೆ ಉಳಿಸುವ ಹೆಸರಿನಲ್ಲಿ ಅಲ್ಲಿನ ಆದಿವಾಸಿಗಳಾದ ಸೋಲಿಗರ ಬೇಟೆ, ಬೇಸಾಯ, ಕಿರು ಅರಣ್ಯ ಉತ್ಪನ್ನ ಒಂದೊಂದಾಗಿ ನಿಂತವು. ಅವರ ತರಗು ಬೆಂಕಿಯೂ ನಿಂತಿತು. ಬೇಸಿಗೆಯ ಆರಂಭದಲ್ಲಿ ನೆಲದ ಒಣಗಿದ ಎಲೆಗೆ ಹಾಕುವ ಸಣ್ಣ ಬೆಂಕಿ ಅದು. ಆ ಬೆಂಕಿ ನಿಂತ ಮೇಲೆ ಲಂಟಾನ ಬೆಟ್ಟವನ್ನೆಲ್ಲ ನುಂಗಿತು, ನೆಲ್ಲಿಮರಗಳಿಗೆ ಬದನಿಕೆ ಹತ್ತಿತು ಎಂದು ಸೋಲಿಗರು ಹೇಳುತ್ತ ಬಂದರು; ಪರಿಸರ ವಿಜ್ಞಾನಿಗಳೂ ಅವರ ಮಾತನ್ನು ಗಂಭೀರವಾಗಿ ತೆಗೆದುಕೊಂಡು ಬರೆದಿದ್ದಾರೆ. 2006ರ ಅರಣ್ಯ ಹಕ್ಕು ಕಾಯಿದೆಯಡಿ 2011ರಲ್ಲಿ ಅವರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಈ ಹಕ್ಕು ಪಡೆದವರಲ್ಲಿ ದೇಶದಲ್ಲೇ ಮೊದಲಿಗರು ಅವರು. ಹಕ್ಕುಪತ್ರ ಬಂದರೂ ಕಾಡಿನ ನಿರ್ವಹಣೆಯಲ್ಲಿ ಅವರ ಮಾತು ನಡೆಯಲು ಇನ್ನೂ ಹೋರಾಡಬೇಕಾಗಿದೆ. 

ನಿಯಮವನ್ನು ಪಾಲಿಸಬೇಕಾದವರೇ ನಿಯಮವನ್ನು ಮಾಡಬೇಕು ಎಂಬ ಈ ವಿಚಾರಕ್ಕೆ ಶಾಸ್ತ್ರೀಯ ಆಧಾರ ಕೊಟ್ಟವರು ಎಲಿನಾರ್ ಆಸ್ಟ್ರಮ್. ಸಾಮೂಹಿಕ ಸೊತ್ತೆಲ್ಲ ಕೊನೆಗೆ ಹಾಳಾಗುತ್ತದೆ ಎಂದು ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಬರೆದದ್ದನ್ನು ಜಗತ್ತು ನಂಬಿತ್ತು. ಆಸ್ಟ್ರಮ್ ಹಾಳಾಗದೆ ಉಳಿದ ಸೊತ್ತುಗಳ ಅಧ್ಯಯನಗಳನ್ನು ಹುಡುಕಿ ಒಟ್ಟುಗೂಡಿಸಿದರು, 1990ರಲ್ಲಿ ಪುಸ್ತಕ ಬರೆದರು, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆಯಾದರು. ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಎಂಬ ಹಳ್ಳಿಯಲ್ಲಿ 1517ರಲ್ಲೇ ಒಂದು ನಿಯಮ ಮಾಡಿಕೊಂಡಿದ್ದರು: ಚಳಿಗಾಲದಲ್ಲಿ ನಿನ್ನ ಸ್ವಂತ ಮೇವಿನಲ್ಲಿ ಎಷ್ಟು ಹಸು ಸಾಕಬಲ್ಲೆಯೋ ಅಷ್ಟೇ ಹಸುಗಳನ್ನು ಬೇಸಿಗೆಯಲ್ಲಿ ಊರ ಗೋಮಾಳಕ್ಕೆ ಬಿಡು. ಸ್ಪೇನಿನ ವೆಲೆನ್ಸಿಯಾದಲ್ಲಿ ರೈತರೇ ಆರಿಸಿದ ನೀರಿನ ನ್ಯಾಯಮಂಡಳಿ ಪ್ರತಿ ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಕ್ಯಾಥೆಡ್ರಲ್‌ನ ಬಾಗಿಲಲ್ಲಿ ಕೂತು ಬಾಯಿಮಾತಿನಲ್ಲೇ ತೀರ್ಪು ಕೊಡುತ್ತದೆ. ಹತ್ತಿರದ ಉದಾಹರಣೆ ಬೇಕೆಂದರೆ ಮಹಾರಾಷ್ಟ್ರದ ಹಿವರೆ ಬಜಾರ್. ಬರಗಾಲದ ಆ ಊರು ಬೇಸಾಯಕ್ಕೆ ಕೊಳವೆಬಾವಿ ಕೊರೆಯುವುದನ್ನು ತಾನೇ ನಿಷೇಧಿಸಿಕೊಂಡಿತು, ಕಬ್ಬನ್ನೂ ಬಾಳೆಯನ್ನೂ ಬಿಟ್ಟಿತು. ಪ್ರತಿ ವರ್ಷ ಮಳೆ ಅಳೆದು, ಕುಡಿಯಲು ಎಷ್ಟು, ದನಕ್ಕೆ ಎಷ್ಟು, ಯಾವ ಬೆಳೆಗೆ ಎಷ್ಟು ಎಂದು ಗ್ರಾಮಸಭೆಯಲ್ಲಿ ನೀರಿನ ಲೆಕ್ಕ ಹಾಕುತ್ತದೆ.

ಹಳ್ಳಿಗೆ ಸಾಧ್ಯವಾದದ್ದು ಭೂಮಂಡಲಕ್ಕೆ ಸಾಧ್ಯವೇ? ಒಮ್ಮೆ ಸಾಧ್ಯವಾಗಿದೆ. ಆಗ ಫ್ರಿಜ್ಜು, ಸ್ಪ್ರೇಗಳಲ್ಲಿದ್ದ ಸಿಎಫ್‌ಸಿ ಅನಿಲ ಓಜೋನ್ ಪದರವನ್ನು ತಿನ್ನುತ್ತದೆ ಎಂದು ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲಂಡ್ 1974ರಲ್ಲಿ ಹೇಳಿದರು. 1985ರಲ್ಲಿ ಅಂಟಾರ್ಕ್ಟಿಕದ ಮೇಲಿನ ರಂಧ್ರ ಬಯಲಾಯಿತು. 1987ರ ಸೆಪ್ಟೆಂಬರ್ 16ರಂದು ಅಂಥ ಅನಿಲಗಳನ್ನು ತಗ್ಗಿಸುವ ಮಾಂಟ್ರಿಯಲ್ ಒಪ್ಪಂದವಾಯಿತು. ಬಡ ದೇಶಗಳು ಬದಲಿ ತಂತ್ರಜ್ಞಾನಕ್ಕೆ ಹಣ ಎಲ್ಲಿಂದ ತರಬೇಕು ಎಂದು ಭಾರತ, ಚೀನಾ ಪಟ್ಟು ಹಿಡಿದವು. 1990ರಲ್ಲಿ ಶ್ರೀಮಂತ ದೇಶಗಳು ದುಡ್ಡು ಹಾಕುವ ನಿಧಿಯೊಂದು ಏರ್ಪಟ್ಟ ಮೇಲೆ 1992ರಲ್ಲಿ ಭಾರತ ಸೇರಿತು. ಕಾಲಕಾಲಕ್ಕೆ ವಿಜ್ಞಾನ ಹೇಳಿದಂತೆ ಬಿಗಿಗೊಳಿಸುವ ಅವಕಾಶವನ್ನು ಒಪ್ಪಂದದೊಳಗೇ ಇಟ್ಟಿದ್ದರು. ಜಗತ್ತಿನ ಎಲ್ಲ ದೇಶಗಳೂ ಅದಕ್ಕೆ ಒಪ್ಪಿಗೆಯ ಮುದ್ರೆ ಒತ್ತಿವೆ. ಅಂಟಾರ್ಕ್ಟಿಕದ ಮೇಲಿನ ಪದರ 1980ರ ಮಟ್ಟಕ್ಕೆ ಮರಳುವುದು 2066ರ ಸುಮಾರಿಗೆ ಎಂದು ವಿಜ್ಞಾನಿಗಳ ಅಂದಾಜು. ಒಪ್ಪಂದಕ್ಕೆ ರುಜು ಹಾಕಿದವರಲ್ಲಿ ಅದನ್ನು ನೋಡಲು ಬಹುಪಾಲು ಮಂದಿ ಇರುವುದಿಲ್ಲ. ನ್ಯಾಯವಾದ ಪಾಲು, ಹಣದ ಏರ್ಪಾಡು, ತಿದ್ದಿಕೊಳ್ಳುವ ದಾರಿ ಮೂರೂ ಇದ್ದುದರಿಂದ ಅದು ನಿಂತಿತು.

ಆದ್ದರಿಂದ ಮನುಕುಲಕ್ಕೆಲ್ಲ ಒಂದೇ ಹೊಸ ಸಂವಿಧಾನ ಬರೆಯಲು ನಾನು ಹೊರಡುವುದಿಲ್ಲ. ಕರ್ನಾಟಕಕ್ಕೆ ಈ ದಶಕದಲ್ಲೇ ಸಾಧ್ಯವಾದದ್ದನ್ನು ಕೇಳುತ್ತೇನೆ. ಅದಿರಿನ ಪ್ರತಿ ಟನ್ನಿನ ಹಣದಲ್ಲಿ ಒಂದು ಭಾಗ ಅಸಲು ಮುಟ್ಟಲಾಗದ ನಿಧಿಗೆ ಹೋಗಲಿ. ಅದರ ಬಡ್ಡಿ ಮೊದಲು ಸಂಡೂರು, ಹೊಸಪೇಟೆಯ ಗಣಿ ಕಾರ್ಮಿಕರ ಮಕ್ಕಳಿಗೆ ಸಲ್ಲಲಿ. ವಿಧಾನಮಂಡಲದಲ್ಲಿ ಹುಟ್ಟಲಿರುವವರ ಪರವಾಗಿ ಪ್ರಶ್ನಿಸುವ, ಕಾಲಾವಕಾಶ ಕೇಳುವ, ಬರೆದ ಉತ್ತರ ಪಡೆಯುವ ಆಯುಕ್ತರೊಬ್ಬರು ಇರಲಿ. ಅವರನ್ನು ತೆಗೆಯಲು ಮೂರನೇ ಎರಡರಷ್ಟು ಬಹುಮತ ಬೇಕೆಂಬ ಷರತ್ತು ಇರಲಿ. ದೊಡ್ಡ ಯೋಜನೆಗಳಲ್ಲಿ ಬಳಸಿದ ಡಿಸ್ಕೌಂಟ್ ರೇಟ್ ಎಷ್ಟೆಂದು ಸದನದ ಮುಂದೆ ಇಡಲಿ.

ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ನಮ್ಮ ಪಂಚಾಯತ್ ರಾಜ್ ಕಾಯಿದೆಯಂತೆ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕು. ಅಟಲ್ ಭೂಜಲ ಯೋಜನೆಯಲ್ಲಿ ರಾಜ್ಯದ ಅನೇಕ ಪಂಚಾಯಿತಿಗಳಲ್ಲಿ ನೀರಿನ ಬಜೆಟ್ ಮಾಡುವ ಕೆಲಸ ಈಗಾಗಲೇ ನಡೆದಿದೆ. ನಿಮ್ಮೂರಿನ ಮುಂದಿನ ಗ್ರಾಮಸಭೆಗೆ ಹೋಗಿ. ಕಳೆದ ವರ್ಷ ಬಿದ್ದ ಮಳೆ ಎಷ್ಟು, ನೆಲದಿಂದ ಎತ್ತಿದ ನೀರು ಎಷ್ಟು ಎಂದು ಎದ್ದು ನಿಂತು ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.